ಡಾಕ್ಟರ್ ಫಾಸ್ಟಸ್ ಓದುವವರಿಗೆ ಆಕರಗಳು: ಎ ಪಠ್ಯವೋ, ಬಿ ಪಠ್ಯವೋ?

ಓದುಮೇಜು (ಪ್ರಶ್ನೆ)

ಎಂ.ಎ. ಇಂಗ್ಲಿಷ್ ಕೊನೆಯ ಸೆಮಿಸ್ಟರ್ ಪ್ರಬಂಧಕ್ಕೆ ಕ್ರಿಸ್ಟೋಫರ್ ಮಾರ್ಲೋನ ‘ಡಾಕ್ಟರ್ ಫಾಸ್ಟಸ್’ ತೆಗೆದುಕೊಂಡಿದ್ದೇನೆ. ವಿಷಯ ಪಶ್ಚಾತ್ತಾಪ, ಅಂದರೆ ಸೈತಾನನಿಗೆ ಆತ್ಮ ಮಾರಿಕೊಂಡ ಪಂಡಿತ ಫಾಸ್ಟಸ್‌ಗೆ ಹಿಂದಿರುಗುವ ದಾರಿ ನಿಜಕ್ಕೂ ಇತ್ತೇ, ಇಲ್ಲವೇ ಎಂಬುದು. ಕೈಯಲ್ಲಿರುವುದು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಿಂದ ಇಳಿಸಿಕೊಂಡ ಪಠ್ಯ, ಜೊತೆಗೊಂದು ಗೈಡು. ವಿಮರ್ಶಕರು ಕೊಡುವ ಅಂಕ, ದೃಶ್ಯ, ಸಾಲಿನ ಸಂಖ್ಯೆ ಒಂದೂ ನನ್ನ ಪ್ರತಿಗೆ ತಾಳೆಯಾಗುತ್ತಿಲ್ಲ. ಕೆಲವು ಕಡೆ ಮಾತೇ ಬೇರೆ: ಒಳ್ಳೆಯ ದೇವದೂತ ಹೇಳುವ ಸಾಲನ್ನು ಒಬ್ಬರು ‘ಇಫ್ ಫಾಸ್ಟಸ್ ಕ್ಯಾನ್ ರಿಪೆಂಟ್’ ಎಂದು ಕೊಟ್ಟರೆ ಇನ್ನೊಬ್ಬರು ‘ವಿಲ್ ರಿಪೆಂಟ್’ ಎಂದು ಕೊಡುತ್ತಾರೆ. ಯಾವುದು ಸರಿ? ಮೊದಲ ಮುದ್ರಣವನ್ನೇ ನೋಡಲು ಸಾಧ್ಯವೇ?

ಇನ್ನೊಂದು ವಿಚಾರ. ಮಾರ್ಲೋ ಗೂಢಚಾರನಾಗಿದ್ದ, ಹೆಂಡದಂಗಡಿ ಜಗಳದಲ್ಲಿ ಕೊಲೆಯಾದ ಎಂದು ಗೈಡಿನಲ್ಲಿದೆ. ಇದಕ್ಕೆ ದಾಖಲೆ ಏನು? ಕಾಲೇಜಿನಲ್ಲಿ ಜರ್ನಲ್‌ಗಳ ಚಂದಾ ಇಲ್ಲ, ಆದ್ದರಿಂದ ದುಡ್ಡಿಲ್ಲದೆ ಸಿಗುವಂಥದ್ದನ್ನು ಹೇಳಿದರೆ ಒಳ್ಳೆಯದು.

ಹಳೇಅಚ್ಚು

ಎರಡೂ ಸರಿ. ಈ ನಾಟಕಕ್ಕೆ ಎರಡು ಮೂಲಗಳಿವೆ, ಎರಡೂ ಮಾರ್ಲೋ ಸತ್ತ ಮೇಲೆ ಅಚ್ಚಾದವು. 1604ರ ಕ್ವಾರ್ಟೊವನ್ನು (ಆ ಕಾಲದ ಸಣ್ಣ ಆಕಾರದ ಅಚ್ಚುಪುಸ್ತಕ) ಎ ಪಠ್ಯ ಅನ್ನುತ್ತಾರೆ, 1616ರದನ್ನು ಬಿ ಪಠ್ಯ. ಪಠ್ಯಸಂಪಾದಕ ಗ್ರೆಗ್ ಎಣಿಕೆಯಲ್ಲಿ ಎ 1517 ಸಾಲು, ಬಿ 2121 ಸಾಲು. ಅಂದರೆ ಬಿ ಆರುನೂರು ಸಾಲಿನಷ್ಟು ದೊಡ್ಡದು. ಪೋಪನ ಸೆರೆಯಿಂದ ಅವನ ಪ್ರತಿಸ್ಪರ್ಧಿ ಬ್ರೂನೊನನ್ನು ಬಿಡಿಸುವ ಪ್ರಸಂಗ ಬಿಯಲ್ಲಿ ಮಾತ್ರ ಇದೆ. ‘ಕ್ಯಾನ್’ ಎ ಪಠ್ಯದ್ದು, ‘ವಿಲ್’ ಬಿ ಪಠ್ಯದ್ದು. ನಿಮ್ಮ ವಿಷಯಕ್ಕೆ ಇದು ಸಣ್ಣ ಪಾಠಾಂತರ ಅಲ್ಲ. ‘ಪಶ್ಚಾತ್ತಾಪಪಡಲು ಆಗುವುದಾದರೆ’ ಎಂಬುದಕ್ಕೂ ‘ಪಡಲು ಮನಸ್ಸು ಮಾಡಿದರೆ’ ಎಂಬುದಕ್ಕೂ ನಡುವೆ ಇಡೀ ಪ್ರಬಂಧವೇ ಕೂತಿದೆ.

ಮೊದಲು ನಿಮ್ಮ ಕೈಯಲ್ಲಿರುವುದು ಯಾವ ಜಾತಿಯ ಪಠ್ಯ ಎಂದು ಗುರುತಿಸಿಕೊಳ್ಳಿ. ಮೂರು ಕಡೆ ನೋಡಿದರೆ ಸಾಕು.

ಒಂದನೆಯದು ನೀವೇ ಹೇಳಿದ ಕ್ಯಾನ್/ವಿಲ್. ಎರಡನೆಯದು ಕೊನೆಯ ಸ್ವಗತ. ಆಕಾಶದಲ್ಲಿ ಕ್ರಿಸ್ತನ ರಕ್ತ ಹರಿಯುತ್ತಿರುವುದನ್ನು ನೋಡು ಎನ್ನುವ ಪ್ರಸಿದ್ಧ ಸಾಲು ಇದ್ದರೆ ಅದು ಎ, ಬಿಯಲ್ಲಿ ಆ ಸಾಲೇ ಇಲ್ಲ. ಅದೇ ಸ್ವಗತದ ತುದಿಯಲ್ಲಿ ಎ ‘ಮೈ ಗಾಡ್, ಮೈ ಗಾಡ್’ ಅನ್ನುತ್ತದೆ, ಬಿ ‘ಓ ಮರ್ಸಿ ಹೆವನ್’ ಅನ್ನುತ್ತದೆ. ರಂಗದ ಮೇಲೆ ದೇವರ ಹೆಸರನ್ನು ಹಗುರವಾಗಿ ಬಳಸಬಾರದೆಂಬ 1606ರ ಕಾಯ್ದೆ ಆ ನಡುವೆ ಬಂದಿತ್ತು. ಹಾಗಾಗಿ ಇಂಥ ಬದಲಾವಣೆಗಳಿಗೆ ಕಾರಣ ತತ್ತ್ವಶಾಸ್ತ್ರಕ್ಕಿಂತ ಹೆಚ್ಚಾಗಿ ದಂಡದ ಭಯ. ಇದನ್ನು ತಿಳಿಯದೆ ‘ಬಿ ಪಠ್ಯದ ಫಾಸ್ಟಸ್ ದೇವರಿಂದ ಇನ್ನೂ ದೂರ’ ಎಂದು ಬರೆದವರಿದ್ದಾರೆ.

ಮೂರನೆಯದು ಸಂಪಾದಕನ ಕೈ ಎಷ್ಟು ಆಡಿದೆ ಎಂದು ತಿಳಿಯಲು. ಮೊದಲ ಸ್ವಗತದಲ್ಲಿ ಫಾಸ್ಟಸ್ ತರ್ಕಶಾಸ್ತ್ರಕ್ಕೆ ವಿದಾಯ ಹೇಳಿ ಪ್ರಾಚೀನ ವೈದ್ಯ ಗ್ಯಾಲೆನ್‌ನನ್ನು ಕರೆಯುತ್ತಾನಲ್ಲ, ಅಲ್ಲಿ 1604ರ ಅಚ್ಚಿನಲ್ಲಿರುವುದು ‘ಆನ್‌ಕೇಮೀಆನ್’ ಎಂಬ ಅರ್ಥವಾಗದ ಒಂದೇ ಪದ. ಮುಂದಿನ ಅಚ್ಚುಗಳಲ್ಲಿ ಅದು ‘ಎಕಾನಮಿ’ ಆಯಿತು. ಅದು ಇರುವುದು ಮತ್ತು ಇಲ್ಲದಿರುವುದು ಎಂಬರ್ಥದ ಗ್ರೀಕ್ ಮಾತು ‘ಆನ್ ಕೈ ಮೀ ಆನ್’ ಎಂದು ಪತ್ತೆ ಹಚ್ಚಿದ್ದು 19ನೇ ಶತಮಾನದ ಕೊನೆಯಲ್ಲಿ ಸಂಪಾದಕ ಬುಲ್ಲೆನ್. ನಿಮ್ಮ ಗುಟೆನ್‌ಬರ್ಗ್ ಪ್ರತಿಯಲ್ಲಿ ‘ಎಕಾನಮಿ’ ಇರುತ್ತದೆ, ಏಕೆಂದರೆ ಅದು ಬುಲ್ಲೆನ್‌ಗಿಂತ ಹಿಂದಿನ ಅಲೆಕ್ಸಾಂಡರ್ ಡೈಸ್ ಸಂಪಾದಿಸಿದ್ದು. ಗುಟೆನ್‌ಬರ್ಗ್‌ನಲ್ಲಿ ಎರಡು ಫಾಸ್ಟಸ್ ಇವೆ, ಒಂದು 1604ರ ಕ್ವಾರ್ಟೊ ಆಧರಿಸಿದ್ದು, ಇನ್ನೊಂದು 1616ರದ್ದು. ಎರಡಕ್ಕೂ ಡೈಸ್‌ನೇ ಸಂಪಾದಕ. ಓದಲು ಅಡ್ಡಿಯಿಲ್ಲ, ‘1604ರ ಕ್ವಾರ್ಟೊದಲ್ಲಿ ಹೀಗಿದೆ’ ಎಂದು ಉದ್ಧರಿಸಲು ಮಾತ್ರ ಬೇಡ. ಕಾಗುಣಿತ, ವಿರಾಮಚಿಹ್ನೆ, ರಂಗಸೂಚನೆ ಎಲ್ಲವನ್ನೂ ಅವನು ತಿದ್ದಿದ್ದಾನೆ.

ಸಾಲಿನ ಸಂಖ್ಯೆ ಏಕೆ ತಾಳೆಯಾಗುವುದಿಲ್ಲ? ಕ್ವಾರ್ಟೊಗಳಲ್ಲಿ ಅಂಕಗಳೇ ಇಲ್ಲ, ವಿಂಗಡಣೆ ಎಲ್ಲ ಸಂಪಾದಕರದು. ಮೇಲಾಗಿ ಪಂಡಿತರ ಒಲವೂ ಬದಲಾಯಿತು. ಗ್ರೆಗ್ 1950ರಲ್ಲಿ ಎರಡನ್ನೂ ಎದುರುಬದುರು ಅಚ್ಚು ಹಾಕಿ, ಬಿಯೇ ಮೂಲಕ್ಕೆ ಹತ್ತಿರ ಎಂದು ವಾದಿಸಿದ. ಜಂಪ್‌ನ 1962ರ ರೆವೆಲ್ಸ್ ಆವೃತ್ತಿ ಅದೇ ಹಾದಿಯದು, ಅಂಕ ಬಿಟ್ಟು ಬರೀ ದೃಶ್ಯಗಳ ಎಣಿಕೆ. ಆಮೇಲೆ ಗಾಳಿ ಎ ಕಡೆ ತಿರುಗಿತು. 1993ರಲ್ಲಿ ಬೆವಿಂಗ್ಟನ್ ಮತ್ತು ರಾಸ್ಮುಸೆನ್ ಎರಡನ್ನೂ ಬೇರೆ ಬೇರೆಯಾಗಿಯೇ ಒಂದು ಸಂಪುಟದಲ್ಲಿ ತಂದರು. ಆದ್ದರಿಂದ 1950–80ರ ನಡುವಿನ ವಿಮರ್ಶಾ ಲೇಖನ ಕೈಗೆ ಬಂದರೆ, ಬೇರೆ ಸೂಚನೆ ಇಲ್ಲದಿದ್ದಲ್ಲಿ ಅದು ಬಿ ಪಠ್ಯದ ಮೇಲೆ ನಿಂತಿದೆ ಎಂದುಕೊಂಡು ಪರೀಕ್ಷಿಸಿ. ಅಡಿಟಿಪ್ಪಣಿಯಲ್ಲಿ ಯಾವ ಆವೃತ್ತಿ ಎಂದು ಬರೆದಿರುತ್ತಾರೆ, ಮೊದಲು ಅದನ್ನೇ ಓದಿ.

ಕೊಳ್ಳುವುದಾದರೆ ಒಂದೇ ಪುಸ್ತಕ ಸಾಕು. ಅದೇ ಇಬ್ಬರು ಸಂಪಾದಿಸಿದ ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್ ಪೇಪರ್‌ಬ್ಯಾಕ್, ಎ ಮತ್ತು ಬಿ ಎರಡೂ ಪೂರ್ತಿ ಇವೆ. ಹಿಂದೆ ಆಕರ ಲೇಖನಗಳೂ ಇರಬೇಕು ಎಂದರೆ ಕಾಸ್ಟನ್‌ನ 2005ರ ನಾರ್ಟನ್ ಆವೃತ್ತಿ. ಎರಡೂ ಪಠ್ಯವನ್ನು ಬೆರೆಸಿ ಹೊಲಿದ ಹಳೆಯ ಪಠ್ಯಪುಸ್ತಕಗಳನ್ನು ಈ ವಿಷಯಕ್ಕೆ ಮುಟ್ಟಲೇಬೇಡಿ. ಅಲ್ಲಿ ಎಯ ಸಾಲೂ ಬಿಯ ಸಾಲೂ ಒಂದೇ ಪುಟದಲ್ಲಿ ಕೂತು ನಿಮ್ಮ ವಾದವನ್ನು ನಿಮಗೇ ಗೊತ್ತಿಲ್ಲದಂತೆ ಕೆಡಿಸುತ್ತವೆ.

ಮೊದಲ ಮುದ್ರಣದ ಪಠ್ಯ ಬೇಕೆಂದರೆ: 1604ರದ್ದು ಉಳಿದಿರುವುದು ಒಂದೇ ಪ್ರತಿ, ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿ. ಹಳೆಯ ಕಾಗುಣಿತದ ಅಕ್ಷರಶಃ ಪ್ರತಿ ಹಳೆಯ ಇಂಗ್ಲಿಷ್ ಪುಸ್ತಕಗಳ ಪಠ್ಯಸಂಗ್ರಹವಾದ ಇಇಬಿಒ-ಟಿಸಿಪಿಯಲ್ಲಿ ಉಚಿತ. ಮೊದಲ ಹಂತದ ಸುಮಾರು 25,000 ಪಠ್ಯಗಳು 2015ರ ಜನವರಿಯಿಂದ ಎಲ್ಲರಿಗೂ ಮುಕ್ತ. ಹೆಸರು ಹಾಕಿ ಹುಡುಕಿದರೆ ನೂರೆಂಟು ಬರುತ್ತವೆ, ಎಸ್‌ಟಿಸಿ (ಹಳೆಯ ಇಂಗ್ಲಿಷ್ ಮುದ್ರಣಗಳ ಸೂಚಿ) ಸಂಖ್ಯೆಯಿಂದ ಗುರುತಿಸಿ: 1604ಕ್ಕೆ 17429, 1616ಕ್ಕೆ 17432. ಪರ್ಸಿಯಸ್ ಡಿಜಿಟಲ್ ಲೈಬ್ರರಿಯಲ್ಲೂ ಎರಡೂ ಇವೆ. ಶೀರ್ಷಿಕೆಪುಟ, ಮುದ್ರಕ, ಪ್ರಕಾಶಕರ ವಿವರ ಡೀಪ್ ಎಂಬ ನಾಟಕ ಮುದ್ರಣಗಳ ದತ್ತಸಂಚಯದಲ್ಲಿ ಸಿಗುತ್ತದೆ.

ಹುಡುಕುವಾಗ ಎಡವುವುದು ಕಾಗುಣಿತದಲ್ಲಿ. ಪದದ ಮೊದಲಲ್ಲಿ ಯು ಬದಲು ವಿ, ನಡುವೆ ವಿ ಬದಲು ಯು, ಜೆ ಬದಲು ಐ. ಎ ಪಠ್ಯದಲ್ಲಿ ‘ವಿಟೆನ್‌ಬರ್ಗ್’ ಎಂದು ಹುಡುಕಿದರೆ ಸಿಗುವುದಿಲ್ಲ, ಅಲ್ಲಿ ಫಾಸ್ಟಸ್ ಇರುವ ಊರಿನ ಹೆಸರೇ ‘ವರ್ಟೆನ್‌ಬರ್ಗ್’ ಎಂದಿದೆ. ಅದು ಅಚ್ಚಿನ ತಪ್ಪೋ, ಬೇರೊಂದು ಸೀಮೆಯೋ ಎಂಬುದರ ಮೇಲೆ ವಿಮರ್ಶಕಿ ಲಿಯಾ ಮಾರ್ಕಸ್ ವಾದವನ್ನೇ ಕಟ್ಟಿದ್ದಾರೆ. ಟಿಸಿಪಿ ಪಠ್ಯ ಯಂತ್ರ ಓದಿದ್ದಲ್ಲ, ಕೈಯಿಂದ ಕೀಲಿಸಿದ್ದು, ಹಾಗಾಗಿ ನಂಬಬಹುದು. ಓದಲಾಗದ ಅಕ್ಷರದ ಜಾಗದಲ್ಲಿ ಕಪ್ಪು ಚುಕ್ಕೆ ಇರುತ್ತದೆ, ನಕಲು ಮಾಡುವಾಗ ಅದನ್ನು ವಿರಾಮಚಿಹ್ನೆ ಎಂದುಕೊಳ್ಳಬೇಡಿ.

ನೇಪಥ್ಯ

ಹಳೇಅಚ್ಚು ಅವರು ಹೇಳಿದ್ದಕ್ಕೆ ಒಂದು ಸೇರ್ಪಡೆ, ಒಂದು ತಕರಾರು.

ತಕರಾರು ಮೊದಲು. ‘ಗಾಳಿ ಎ ಕಡೆ ತಿರುಗಿತು’ ಎಂಬುದನ್ನು ಓದಿ ವಿದ್ಯಾರ್ಥಿಗಳು ಬಿಯನ್ನು ಪ್ರಕ್ಷಿಪ್ತ ಎಂದು ಮೂಲೆಗೆ ತಳ್ಳುತ್ತಾರೆ. ಪಶ್ಚಾತ್ತಾಪದ ಬಗ್ಗೆ ಬರೆಯುವವರು ಹಾಗೆ ಮಾಡುವಂತಿಲ್ಲ. ಬಿಯ ಕೊನೆಯ ಅಂಕದಲ್ಲಿ ಫಾಸ್ಟಸ್ ಜೊತೆಗಿರುವ ದೆವ್ವ ಮೆಫಿಸ್ಟೋಫಿಲಿಸ್ ತಾನೇ ಬಾಯಿ ಬಿಡುತ್ತಾನೆ: ನೀನು ಸ್ವರ್ಗದ ದಾರಿಯಲ್ಲಿದ್ದಾಗ ಅಡ್ಡಗಟ್ಟಿದವನು ನಾನೇ, ನೀನು ಧರ್ಮಗ್ರಂಥ ಹಿಡಿದಾಗ ಹಾಳೆ ತಿರುಗಿಸಿ ನಿನ್ನ ಕಣ್ಣನ್ನು ನಡೆಸಿದವನೂ ನಾನೇ ಎಂದು. ಎಯಲ್ಲಿ ಈ ಮಾತಿಲ್ಲ. ಇದನ್ನು ಒಪ್ಪಿಕೊಂಡರೆ ಮೊದಲ ದೃಶ್ಯವನ್ನೇ ಮತ್ತೆ ಓದಬೇಕಾಗುತ್ತದೆ. ಅಲ್ಲಿ ಫಾಸ್ಟಸ್ ಬೈಬಲ್ ತೆರೆದು ಪಾಪದ ಸಂಬಳ ಮರಣ ಎಂದು ಓದಿ ಅಲ್ಲಿಗೇ ನಿಲ್ಲಿಸುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದ 23ನೇ ವಚನ ಅದು. ಉಳಿದರ್ಧದಲ್ಲಿ ದೇವರ ಉಚಿತ ವರ ನಿತ್ಯಜೀವ ಎಂದಿದೆ. ಎ ಪಠ್ಯದಲ್ಲಿ ಅರ್ಧಕ್ಕೆ ನಿಲ್ಲಿಸಿದವನು ಫಾಸ್ಟಸ್. ಬಿಯಲ್ಲಿ ಹಾಳೆ ತಿರುಗಿಸಿದ ಕೈ ಇನ್ನೊಂದಿದೆ. ಹಾಗೆಯೇ ಕೊನೆಗೆ ಫಾಸ್ಟಸ್‌ನನ್ನು ತಿದ್ದಲು ಬರುವ ಮುದುಕನ ಬುದ್ಧಿಮಾತು ಎರಡರಲ್ಲೂ ಬೇರೆ, ಬಿಯಲ್ಲಿ ‘ಓ ಜೆಂಟಲ್ ಫಾಸ್ಟಸ್’ ಎಂದು ಮೆತ್ತಗೆ ಶುರುವಾಗುತ್ತದೆ.

ಇಡೀ ನಾಟಕ ಹೋಲಿಸಲು ಹೋಗಬೇಡಿ, ತಿಂಗಳು ಹಿಡಿಯುತ್ತದೆ. ಐದು ಕಡೆ ಸಾಕು: ಮೊದಲ ಸ್ವಗತ, ಕರಾರು ಬರೆಯುವ ದೃಶ್ಯ, ಎರಡನೇ ಅಂಕದ ಮೂರನೇ ದೃಶ್ಯ, ಮುದುಕನ ದೃಶ್ಯ, ಕೊನೆಯ ಸ್ವಗತ. ಸ್ಪ್ರೆಡ್‌ಶೀಟಿನಲ್ಲಿ ಎಡಕ್ಕೆ ಎ, ಬಲಕ್ಕೆ ಬಿ, ಒಂದು ಸಾಲಿಗೆ ಒಂದು ಅಡ್ಡಸಾಲು, ಮೂರನೇ ಅಂಕಣದಲ್ಲಿ ವ್ಯತ್ಯಾಸದ ಕಾರಣ (ಸೆನ್ಸಾರ್, ಅಚ್ಚಿನ ತಪ್ಪು, ಹೊಸ ಬರವಣಿಗೆ, ಗೊತ್ತಿಲ್ಲ). ‘ಗೊತ್ತಿಲ್ಲ’ ಕಾಲಂ ತುಂಬಿದಷ್ಟೂ ಕೆಲಸ ಪ್ರಾಮಾಣಿಕ. ಪಾಠಾಂತರ, ಪ್ರಕ್ಷಿಪ್ತ, ಲಿಪಿಕಾರ ದೋಷ ಇವುಗಳ ಹಿಡಿತ ಬೇಕೆಂದರೆ ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯ ಮೊದಲ ಭಾಗಗಳನ್ನು ಓದಿ. ಅವರು ಹೇಳುವುದು ಓಲೆಗರಿಯ ಕಥೆ, ಇದು ಅಚ್ಚುಮೊಳೆಯ ಕಥೆ, ಯೋಚಿಸುವ ಕ್ರಮ ಮಾತ್ರ ಒಂದೇ.

ಸೇರ್ಪಡೆ ಕಥಾಮೂಲದ ಬಗ್ಗೆ. 1587ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಅಚ್ಚಾದ ಜರ್ಮನ್ ಫೌಸ್ಟ್ ಪುಸ್ತಕದ ಇಂಗ್ಲಿಷ್ ಅನುವಾದವೇ ಮಾರ್ಲೋ ಬಳಸಿದ್ದು. ಅನುವಾದಕ ‘ಪಿ.ಎಫ್.’ ಎಂದಷ್ಟೇ ಸಹಿ ಹಾಕಿದ್ದಾನೆ. ಉಳಿದಿರುವ ಅತಿ ಹಳೆಯ ಅಚ್ಚು 1592ರದು, ಎಸ್‌ಟಿಸಿ 10711. ಅದರ ಶೀರ್ಷಿಕೆಪುಟವೇ ‘ಹೊಸದಾಗಿ ಮುದ್ರಿಸಿ, ದೋಷಗಳನ್ನು ತಿದ್ದಿದೆ’ ಎನ್ನುವುದರಿಂದ ಅದಕ್ಕೂ ಹಿಂದೆ ಒಂದು ಅಚ್ಚು ಇದ್ದಿರಬೇಕು. ನಾಟಕ 1588ರ ಸುಮಾರಿನದೋ 1592ರದೋ ಎಂಬ ಜಗಳದ ಬೇರು ಇಲ್ಲೇ ಇದೆ. ಗೈಡುಗಳು ಒಂದು ಇಸವಿ ಬರೆದು ಕೈ ತೊಳೆದುಕೊಳ್ಳುತ್ತವೆ, ನೀವು ಎರಡನ್ನೂ ಬರೆದು ಕಾರಣ ಕೊಡಿ. ಟಿಪ್ಪಣಿ ಸಮೇತ ಓದಲು ಜಾನ್ ಹೆನ್ರಿ ಜೋನ್ಸ್ ಸಂಪಾದಿಸಿದ 1994ರ ಕೇಂಬ್ರಿಡ್ಜ್ ಆವೃತ್ತಿ ಇದೆ. ಮುದುಕನ ಪ್ರಸಂಗ ಆ ಪುಸ್ತಕದಲ್ಲೂ ಇದೆ, ಅದನ್ನು ಮೂರನೇ ಪಠ್ಯವಾಗಿ ಪಕ್ಕಕ್ಕಿಟ್ಟುಕೊಳ್ಳಿ.

ಧರ್ಮಶಾಸ್ತ್ರದ ಹಿನ್ನೆಲೆಗೆ ವಿಮರ್ಶಕರ ಸಾರಾಂಶಕ್ಕಿಂತ ಮೂಲವೇ ಚಿಕ್ಕದು. ಇಂಗ್ಲೆಂಡಿನ ಚರ್ಚಿನ 39 ವಿಧಿಗಳಲ್ಲಿ 17ನೆಯದು ಪೂರ್ವನಿಯತಿಯದು, ಅಂದರೆ ಯಾರಿಗೆ ಮುಕ್ತಿ ಎಂಬುದನ್ನು ದೇವರು ಮೊದಲೇ ನಿರ್ಧರಿಸಿದ್ದಾನೆ ಎಂಬ ಮತ. ಜನಸಾಮಾನ್ಯರ ಕಿವಿಗೆ ಬಿದ್ದದ್ದು ಯಾವುದು ಎನ್ನಲು ಎಲಿಜಬೆತ್ ಕಾಲದ ಎರಡನೇ ಪ್ರವಚನ ಸಂಪುಟದಲ್ಲಿನ ಪಶ್ಚಾತ್ತಾಪದ ಪ್ರವಚನ ನೋಡಿ, ಚರ್ಚುಗಳಲ್ಲಿ ಓದಲೆಂದೇ ಬರೆದದ್ದು. ಹುಷಾರಾಗಿರಬೇಕಾದ್ದು ಒಂದೇ: ಅದೇ ಪೂರ್ವನಿಯತಿಯನ್ನು ಹೇಳುವ ಲ್ಯಾಂಬೆತ್ ವಿಧಿಗಳು 1595ರವು, ಮಾರ್ಲೋ ಸತ್ತದ್ದು 1593ರಲ್ಲಿ. ಅವನ್ನು ‘ಮಾರ್ಲೋನ ಮೇಲಿನ ಪ್ರಭಾವ’ ಎಂದು ಬರೆದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ.

ಕಡತಪ್ರಿಯ

ಜೀವನಚರಿತ್ರೆಯ ಪ್ರಶ್ನೆಗೆ ಉತ್ತರ.

‘ಗೂಢಚಾರ’ ಎಂಬುದಕ್ಕೆ ಆಧಾರ 1587ರ ಜೂನ್ 29ರ ಪ್ರಿವಿ ಕೌನ್ಸಿಲ್ (ರಾಣಿಯ ಸಲಹಾಮಂಡಳಿ) ನಡವಳಿ. ಕೇಂಬ್ರಿಡ್ಜ್ ಮಾರ್ಲೋಗೆ ಎಂ.ಎ. ಪದವಿ ಕೊಡಲು ಹಿಂದೇಟು ಹಾಕಿದಾಗ, ಅವನು ರಾಣಿಗೆ ಒಳ್ಳೆಯ ಸೇವೆ ಸಲ್ಲಿಸಿದ್ದಾನೆ, ಪದವಿ ಕೊಡಿ ಎಂಬ ಅರ್ಥದ ಮಾತು ಅದರಲ್ಲಿದೆ. ಯಾವ ಸೇವೆ ಎಂದಿಲ್ಲ, ಗೂಢಚಾರ ಎಂಬ ಪದವೂ ಇಲ್ಲ. ಅದು ನಂತರದವರ ಊಹೆ, ಬಲವಾದ ಊಹೆ.

ಸಾವಿನ ದಾಖಲೆ ಹೆಚ್ಚು ಗಟ್ಟಿ. ಮರಣ ವಿಚಾರಣೆಯ ಲ್ಯಾಟಿನ್ ವರದಿಯನ್ನು ಲೆಸ್ಲಿ ಹಾಟ್ಸನ್ ಪತ್ತೆ ಮಾಡಿ 1925ರಲ್ಲಿ ಪ್ರಕಟಿಸಿದರು. ಮೂಲ ಈಗ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. 1593ರ ಮೇ 30ರಂದು ಡೆಪ್ಟ್‌ಫರ್ಡ್‌ನಲ್ಲಿ ಎಲೀನರ್ ಬುಲ್ ಎಂಬಾಕೆಯ ಮನೆಯಲ್ಲಿ, ಲೆಕ್ಕದ ಹಣದ ಜಗಳದಲ್ಲಿ ಇಂಗ್ರಾಂ ಫ್ರೈಸರ್ ಇರಿದ, ಗಾಯ ಬಲಗಣ್ಣಿನ ಮೇಲೆ ಎರಡಂಗುಲ ಆಳ, ಕಠಾರಿಯ ಬೆಲೆ 12 ಪೆನ್ಸ್. ರಾಬರ್ಟ್ ಪೋಲಿ ಮತ್ತು ನಿಕೊಲಸ್ ಸ್ಕೀರ್ಸ್ ಜೊತೆಗಿದ್ದರು. ‘ಹೆಂಡದಂಗಡಿ’ ಎಂಬುದು ವರದಿಯಲ್ಲಿಲ್ಲ. ವರದಿ ನಿಜ, ಆದರೆ ಅದರೊಳಗಿನ ಕಥೆ ಬದುಕುಳಿದ ಮೂವರು ಹೇಳಿದ್ದು. ಈ ಎರಡನ್ನೂ ಬೇರ್ಪಡಿಸಿ ಬರೆಯಿರಿ. ಅದೇ ರೀತಿ ನಾಸ್ತಿಕತೆಯ ಆರೋಪಕ್ಕೆ ಮೂಲ ರಿಚರ್ಡ್ ಬೇನ್ಸ್ ಬರೆದ ಟಿಪ್ಪಣಿ ಮತ್ತು ನಾಟಕಕಾರ ಥಾಮಸ್ ಕಿಡ್‌ನ ಪತ್ರಗಳು. ಬೇನ್ಸ್ ಅವನ ವೈರಿ. ಕಿಡ್ ಬರೆದದ್ದು ಮಾರ್ಲೋ ಸತ್ತ ಮೇಲೆ, ತನ್ನ ತಲೆ ಉಳಿಸಿಕೊಳ್ಳಲು.

ಹೆಸರಿನ ಕಾಗುಣಿತ ಕೈಕೊಡುತ್ತದೆ. ಪ್ರಿವಿ ಕೌನ್ಸಿಲ್‌ನಲ್ಲಿ ಮಾರ್ಲೋ ಅಲ್ಲ, ‘ಮೋರ್ಲಿ’. ಕೇಂಬ್ರಿಡ್ಜ್ ದಾಖಲೆಗಳಲ್ಲಿ ‘ಮಾರ್ಲಿನ್’. 1585ರ ಒಂದು ಉಯಿಲಿಗೆ ಸಾಕ್ಷಿ ಹಾಕಿದ, ಉಳಿದಿರುವ ಏಕೈಕ ಸಹಿಯಲ್ಲಿ ‘ಮಾರ್ಲಿ’. ಬರೀ ‘ಮಾರ್ಲೋ’ ಎಂದು ಹುಡುಕಿದರೆ ಅರ್ಧ ದಾಖಲೆ ತಪ್ಪಿಹೋಗುತ್ತದೆ.

ಇವನ್ನೆಲ್ಲ ಬಿಡಿಬಿಡಿಯಾಗಿ ಅಲೆದು ಹುಡುಕಬೇಕಿಲ್ಲ, ಕಾನ್‌ಸ್ಟನ್ಸ್ ಕುರಿಯಾಮಾ ಬರೆದ 2002ರ ಜೀವನಚರಿತ್ರೆಯ ಅನುಬಂಧದಲ್ಲಿ ದಾಖಲೆಗಳನ್ನು ಒಟ್ಟಿಗೆ ಕೊಟ್ಟಿದೆ. ಮಾರ್ಲೋ ಕೊಲೆಯ ಬಗ್ಗೆ ಚಾರ್ಲ್ಸ್ ನಿಕೊಲ್ ಬರೆದ ಪುಸ್ತಕ ಕಾದಂಬರಿಯಂತೆ ಓದಿಸಿಕೊಳ್ಳುತ್ತದೆ, ಆದರೆ 1992ರ ಮತ್ತು 2002ರ ಆವೃತ್ತಿಗಳ ತೀರ್ಮಾನ ಒಂದೇ ಅಲ್ಲ, ಯಾವುದನ್ನು ಉದ್ಧರಿಸುತ್ತಿದ್ದೀರಿ ಎಂದು ಇಸವಿ ಹಾಕಿ. ಇಷ್ಟಕ್ಕೂ ‘ಮಾರ್ಲೋ ನಾಸ್ತಿಕ, ಆದ್ದರಿಂದ ಫಾಸ್ಟಸ್ ಹೀಗೆ’ ಎಂಬ ವಾದ ಸುತ್ತಿ ಸುತ್ತಿ ಅಲ್ಲೇ ಬರುತ್ತದೆ. ನಾಟಕ ನೋಡಿ ಜೀವನ ಕಟ್ಟಿ, ಆ ಜೀವನದಿಂದ ನಾಟಕ ವಿವರಿಸಿದಂತೆ.

ಪ್ರದರ್ಶನದ ದಾಖಲೆಗೆ ರಂಗಮಂದಿರದ ಒಡೆಯ ಫಿಲಿಪ್ ಹೆನ್‌ಸ್ಲೋನ ದಿನಚರಿ. ಅದರಲ್ಲಿ ಫಾಸ್ಟಸ್‌ನ ಮೊದಲ ನಮೂದು 1594ರ ಸೆಪ್ಟೆಂಬರ್ 30ರದು. 1602ರ ನವೆಂಬರ್ 22ರಂದು ವಿಲಿಯಂ ಬರ್ಡ್ ಮತ್ತು ಸ್ಯಾಮ್ಯುಯೆಲ್ ರೌಲಿಗೆ ಫಾಸ್ಟಸ್‌ಗೆ ಸೇರ್ಪಡೆ ಬರೆದದ್ದಕ್ಕೆ ನಾಲ್ಕು ಪೌಂಡ್ ಕೊಟ್ಟದ್ದು ದಾಖಲಾಗಿದೆ. ಬಿ ಪಠ್ಯದ ಹೆಚ್ಚುವರಿ ಭಾಗ ಇವರದೇ ಎನ್ನುವವರ ಮುಖ್ಯ ಆಧಾರ ಇದು.

ಇಲ್ಲೊಂದು ಹಳ್ಳ ಇದೆ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುವ 1845ರ ದಿನಚರಿ ಆವೃತ್ತಿ ಜಾನ್ ಪೇನ್ ಕಾಲಿಯರ್‌ನದು. 1597ರಲ್ಲಿ ನಾಟಕಕಾರ ಡೆಕ್ಕರ್‌ಗೆ ಫಾಸ್ಟಸ್ ಸೇರ್ಪಡೆಗಾಗಿ 20 ಶಿಲಿಂಗ್ ಎಂಬ ನಮೂದು ಅದರಲ್ಲಿದೆ. ಅದು ಖೋಟಾ. ಆ ಸಾಲನ್ನು ಸಾಕ್ಷ್ಯ ಎಂದು ಎಂದಿಗೂ ಬಳಸಬೇಡಿ. ಗ್ರೆಗ್ 1904–08ರಲ್ಲಿ ತಂದ ಆವೃತ್ತಿಯೂ ಉಚಿತವಾಗಿ ಸಿಗುತ್ತದೆ, ಅದನ್ನು ಬಳಸಿ. ಹೊಸದು ಫೋಕ್ಸ್ ಅವರದು, 2002ರ ಎರಡನೇ ಆವೃತ್ತಿ. ಹಸ್ತಪ್ರತಿಯ ಚಿತ್ರಗಳನ್ನೇ ನೋಡಬೇಕೆಂದರೆ ಹೆನ್‌ಸ್ಲೋ-ಆಲೆನ್ ಡಿಜಿಟೈಸೇಷನ್ ಪ್ರಾಜೆಕ್ಟ್ ಜಾಲತಾಣ ಇದೆ. ಇನ್ನು ನಾಟಕ ತಂಡದ ಸಾಮಾನುಗಳ 1598ರ ಪಟ್ಟಿಯಲ್ಲಿ ‘ಫಾಸ್ಟಸ್‌ನ ಡ್ರ್ಯಾಗನ್ ಒಂದು’ ಎಂಬ ಸೊಗಸಾದ ನಮೂದಿದೆ. ಮೂಲ ಹಾಳೆ ಕಳೆದುಹೋಗಿದೆ, ಅದನ್ನು ನಾವು ಬಲ್ಲದ್ದು 1790ರಲ್ಲಿ ವಿದ್ವಾಂಸ ಮೆಲೋನ್ ಅಚ್ಚು ಹಾಕಿದ್ದರಿಂದ ಮಾತ್ರ. ಉದ್ಧರಿಸುವಾಗ ಅದನ್ನೂ ಹೇಳಿ.

ಕಪಾಟು

ಚಂದಾ ಇಲ್ಲದವರ ದಾರಿ, ಚುಟುಕಾಗಿ.

ಜರ್ನಲ್ ಲೇಖನಗಳ ಸಂಗ್ರಹವಾದ ಜೆಸ್ಟೋರ್‌ನಲ್ಲಿ ವೈಯಕ್ತಿಕ ಖಾತೆ ತೆರೆದರೆ ತಿಂಗಳಿಗೆ 100 ಲೇಖನ ಆನ್‌ಲೈನಿನಲ್ಲೇ ಓದಬಹುದು, ಇಳಿಸಿಕೊಳ್ಳಲಾಗದು. ಒಂದು ಪ್ರಬಂಧಕ್ಕೆ ಇದು ಧಾರಾಳ. ನಿಮ್ಮದು ಸರ್ಕಾರಿ ಸಂಸ್ಥೆಯಾದರೆ 2025ರ ಜನವರಿಯಿಂದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಜಾರಿಯಲ್ಲಿದೆ, ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಸೇರಿ 30 ಪ್ರಕಾಶಕರ ಜರ್ನಲ್‌ಗಳು ಬರುತ್ತವೆ. ‘ಚಂದಾ ಇಲ್ಲ’ ಎಂದು ಕೈಚೆಲ್ಲುವ ಮೊದಲು ಗ್ರಂಥಪಾಲಕರನ್ನು ಈ ಯೋಜನೆಯ ಹೆಸರು ಹಿಡಿದೇ ಕೇಳಿ. ಇನ್ನೊಂದು, ವಿಕಿಪೀಡಿಯದಲ್ಲಿ ಆರು ತಿಂಗಳು ಹಳೆಯ ಖಾತೆ, 500 ಸಂಪಾದನೆ, ಕಳೆದ ತಿಂಗಳಲ್ಲಿ 10 ಸಂಪಾದನೆ ಇರುವವರಿಗೆ ವಿಕಿಪೀಡಿಯ ಲೈಬ್ರರಿ ತೆರೆದುಕೊಳ್ಳುತ್ತದೆ, ಜೆಸ್ಟೋರ್ ಕೂಡ ಅದರೊಳಗಿದೆ. ಕನ್ನಡ ವಿಕಿಪೀಡಿಯದ ಸಂಪಾದನೆಗಳೂ ಲೆಕ್ಕಕ್ಕೆ ಬರುತ್ತವೆ.

ಪೂರ್ತಿ ಮುಕ್ತವಾದ ಜರ್ನಲ್‌ಗಳಲ್ಲಿ ‘ಅರ್ಲಿ ಮಾಡರ್ನ್ ಲಿಟರರಿ ಸ್ಟಡೀಸ್’ ಮತ್ತು ‘ಅರ್ಲಿ ಥಿಯೇಟರ್’ ಎರಡನ್ನೂ ಜಾಲಾಡಿ. ಶೋಧಗಂಗಾದಲ್ಲಿ ಮಾರ್ಲೋ ಮೇಲಿನ ಪಿಎಚ್‌.ಡಿ. ಪ್ರಬಂಧಗಳಿವೆ. ಅವನ್ನು ಆಕರ ಹುಡುಕಲು ಬಳಸಿ, ಉದ್ಧರಣೆಗೆ ಬೇಡ, ಎಷ್ಟೋ ಕಡೆ ಯಾವ ಪಠ್ಯ ಎಂದೇ ಹೇಳಿರುವುದಿಲ್ಲ. ಬ್ರಿಟಿಷ್ ಲೈಬ್ರರಿಯ ಹಳೆಯ ಕೊಂಡಿಗಳು ತೆರೆಯದಿದ್ದರೆ ನಿಮ್ಮ ತಪ್ಪಲ್ಲ, 2023ರ ಅಕ್ಟೋಬರ್‌ನ ಸೈಬರ್ ದಾಳಿಯ ನಂತರ ಎಷ್ಟೋ ಕೊಂಡಿಗಳು ಮುರಿದಿವೆ.

ಓದುಮೇಜು

ಎಲ್ಲರಿಗೂ ಧನ್ಯವಾದ. ನೋಡಿದೆ, ನನ್ನ ಪ್ರತಿಯಲ್ಲಿ ‘ಎಕಾನಮಿ’ಯೇ ಇದೆ! ಇನ್ನೆರಡು ಸಂದೇಹ. ಹಳೆಯ ಪದಗಳ ಅರ್ಥಕ್ಕೆ ಯಾವ ನಿಘಂಟು? ಪೀಠಿಕೆಯಲ್ಲಿ ‘ಕನಿಂಗ್’ ಎಂದಿದೆ, ಫಾಸ್ಟಸ್ ಕುತಂತ್ರಿ ಎಂದು ಬರೆಯಬಹುದೇ? ಉದ್ಧರಣೆಯಲ್ಲಿ ಎ, ಬಿ ಹೇಗೆ ಸೂಚಿಸುವುದು?

ಹಳೇಅಚ್ಚು

ಬರೆಯಬೇಡಿ. ಆ ಕಾಲಕ್ಕೆ ‘ಕನಿಂಗ್’ ಎಂದರೆ ಮೊದಲಿಗೆ ವಿದ್ಯೆ, ಜಾಣ್ಮೆ, ಕುತಂತ್ರದ ಅರ್ಥ ಪಕ್ಕದಲ್ಲೇ ಬೆಳೆಯುತ್ತಿತ್ತು. ಪೀಠಿಕೆಯ ಆ ಸಾಲು ವಿದ್ಯೆಯಿಂದ ಉಬ್ಬಿದವನ ಬಗ್ಗೆ. ಅಲ್ಲೇ ಮೇಲೆ ಬರುವ ‘ಗ್ರೇಸ್ಡ್’ ಪದದಲ್ಲೂ ಶ್ಲೇಷೆ ಇದೆ. ಕೇಂಬ್ರಿಡ್ಜ್‌ನಲ್ಲಿ ಪದವಿಗೆ ಕೊಡುವ ಅನುಮತಿಯ ಹೆಸರೂ ‘ಗ್ರೇಸ್’, ದೇವರ ಕೃಪೆಯೂ ‘ಗ್ರೇಸ್’. ನಿಮ್ಮ ಪ್ರಬಂಧದ ಮೊದಲ ಪುಟಕ್ಕೆ ಇದೇ ಸಾಕು.

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಗೆ ಚಂದಾ ಬೇಕು, ಆದರೆ ಅದರ ಹಳೆಯ ಮೊದಲ ಆವೃತ್ತಿಯ ಸಂಪುಟಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿವೆ. ಅರ್ಥದ ಪಕ್ಕದಲ್ಲಿ ಕೊಟ್ಟಿರುವ ಉದಾಹರಣೆಯ ಇಸವಿ ನೋಡಿ, 1590ರ ಆಚೀಚೆ ಇದ್ದರೆ ಮಾತ್ರ ಆ ಅರ್ಥ ಹಿಡಿಯಿರಿ. ಟೊರಾಂಟೊ ವಿಶ್ವವಿದ್ಯಾಲಯದ ‘ಲೆಕ್ಸಿಕನ್ಸ್ ಆಫ್ ಅರ್ಲಿ ಮಾಡರ್ನ್ ಇಂಗ್ಲಿಷ್’ನಲ್ಲಿ ಆ ಕಾಲದವರೇ ಬರೆದ ನಿಘಂಟುಗಳಲ್ಲಿ ಹುಡುಕಬಹುದು.

ಉದ್ಧರಣೆಗೆ: ಮೊದಲ ಬಾರಿ ಆವೃತ್ತಿಯ ಹೆಸರು ಹೇಳಿ, ‘ಬೇರೆ ಸೂಚನೆ ಇಲ್ಲದಿದ್ದರೆ ಎ ಪಠ್ಯ’ ಎಂದು ಟಿಪ್ಪಣಿ ಹಾಕಿ. ಆಮೇಲೆ ಅಂಕ, ದೃಶ್ಯ, ಸಾಲು ಚುಕ್ಕೆಯಿಂದ ಬೇರ್ಪಡಿಸಿ, ಬಿಯಿಂದ ತೆಗೆದುಕೊಂಡಾಗ ಸಂಖ್ಯೆಯ ಮುಂದೆ ಬಿ ಸೇರಿಸಿ. ಹಳೆಯ ವಿಮರ್ಶಕರನ್ನು ಉದ್ಧರಿಸುವಾಗ ಅವರ ಸಂಖ್ಯೆಯನ್ನು ಹಾಗೇ ನಕಲು ಮಾಡದೆ, ಸಾಲನ್ನು ನಿಮ್ಮ ಆವೃತ್ತಿಯಲ್ಲಿ ಹುಡುಕಿ ನಿಮ್ಮ ಸಂಖ್ಯೆ ಕೊಡಿ. ಸಿಗಲಿಲ್ಲವೆಂದರೆ ಅದು ಇನ್ನೊಂದು ಪಠ್ಯದ ಸಾಲು.